ಯಾರನ್ನು ಕೇಳಬೇಕು?

1993ರ ನವೆಂಬರಿನಲ್ಲಿ ನಾನು ಮಸ್ಕತ್ತಿಗೆ ಹೊರಟಾಗ ನಮ್ಮ ಬೀದಿಯ ಹೆಂಗಸರ ಬಾಯಲ್ಲಿ ಒಂದೇ ಮಾತು. "ನಿನಗೇನಮ್ಮ, ಇನ್ನು ಚಿನ್ನದ ಮೇಲೇ ನಡೆಯುವವಳು!" ಕುಂದಾಪುರದ ಕಡೆ ಗಲ್ಫಿಗೆ ಹೋದವರ ಮನೆ ಎಂದರೆ ಹಾಗೆಯೇ. ಅಲ್ಲಿ ಗಂಡಸರು ಬಿಸಿಲಲ್ಲಿ ಎಷ್ಟು ಬೇಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ರಜೆಗೆ ಬಂದಾಗ ಹೆಂಡತಿಯ ಕುತ್ತಿಗೆಯಲ್ಲಿ ಹೊಸತೇನಿದೆ ಎಂದು ಮಾತ್ರ ನೋಡುತ್ತಾರೆ. ಪಕ್ಕದ ಮನೆಯ ದೊಡ್ಡಮ್ಮನಂತೂ ನಾನು ಬಸ್ಸು ಹತ್ತುವ ಹೊತ್ತಿಗೆ ಓಡಿ ಬಂದು, "ಬರುವಾಗ ನನ್ನ ಮೊಮ್ಮಗಳಿಗೆ ಒಂದು ಜೊತೆ ಜುಮುಕಿ. ದುಡ್ಡು ಕೊಡ್ತೇನೆ, ಮರೀಬೇಡ" ಎಂದು ಕಿವಿಯಲ್ಲಿ ಹೇಳಿ ಹೋದರು.

ಎರಡು ವರ್ಷ ಕಳೆದು ಮೊದಲ ರಜೆಗೆ ಬಂದಾಗ ನನ್ನ ಬಲಗೈಯ ತೋರುಬೆರಳಿನಲ್ಲಿ ಒಂದು ಬೆಳ್ಳಿಯ ಉಂಗುರ ಇತ್ತು. ದಪ್ಪನೆಯ, ಕಪ್ಪು ತಿರುಗಿದ, ಮುಂದಕ್ಕೆ ಎಲೆಯ ತುದಿಯ ಹಾಗೆ ಚೂಪಾದ ಉಂಗುರ. ದೊಡ್ಡಮ್ಮ ನನ್ನ ಕೈ ಹಿಡಿದು ತಿರುಗಿಸಿ ನೋಡಿ, "ಇದೆಂತದು ಮಾರಾಯ್ತಿ, ಅಷ್ಟು ದೂರ ಹೋಗಿ ತಂದದ್ದು?" ಎಂದರು. ಅವರ ಜುಮುಕಿ ಪೆಟ್ಟಿಗೆಯಲ್ಲಿ ಇದೆ ಎಂದ ಮೇಲೆಯೇ ಅವರ ಮುಖ ಅರಳಿದ್ದು. ಉಂಗುರದ ಕತೆ ಹೇಳಲು ಅವತ್ತು ನನಗೆ ಧೈರ್ಯ ಬರಲಿಲ್ಲ. ಏಕೆಂದರೆ ಅದನ್ನು ಹೇಳಬೇಕಾದರೆ ಇನ್ನೊಂದು ಕತೆಯನ್ನೂ ಹೇಳಬೇಕಿತ್ತು. ಅದು ನಮ್ಮ ಮನೆಯ ಒಳಗಿನದು. ಈಗ ದೊಡ್ಡಮ್ಮ ಇಲ್ಲ, ನನ್ನ ಅತ್ತೆಯೂ ಇಲ್ಲ. ನನಗೂ ಕೂದಲು ಬೆಳ್ಳಗಾಗಿದೆ. ಹೇಳಿಬಿಡುತ್ತೇನೆ.

ಮಸ್ಕತ್ತಿನಲ್ಲಿ ನಮ್ಮ ಮನೆ ಇದ್ದದ್ದು ರುವಿಯಲ್ಲಿ. ಕೆಳಗಿಳಿದರೆ ಹಿಂದಿ, ಮಲೆಯಾಳ, ಗುಜರಾತಿ ಎಲ್ಲವೂ ಕಿವಿಗೆ ಬೀಳುವ ಜಾಗ. ಹತ್ತಿರದಲ್ಲೇ ಮತ್ರಾ ಎಂಬ ಬಂದರು, ಅಲ್ಲೊಂದು ಹಳೆಯ ಪೇಟೆ. ಆ ಪೇಟೆಯ ಚಿನ್ನದ ಅಂಗಡಿಗಳ ಎದುರು ನಿಂತರೆ ಕಣ್ಣು ಕೋರೈಸಿ ತಲೆ ತಿರುಗುತ್ತದೆ. ಮದುವೆಯ ಸೀರೆಯಷ್ಟು ಅಗಲದ ಚಿನ್ನದ ಹಾರಗಳನ್ನು ಗಾಜಿನ ಹಿಂದೆ ತೂಗುಹಾಕಿರುತ್ತಾರೆ. ನಾನು ಮೊದಲ ಸಲ ಹೋದಾಗ ಮಗಳು ಎರಡು ವರ್ಷದವಳು. ಅವಳು ಚಿನ್ನದ ಕಡೆ ನೋಡಲೇ ಇಲ್ಲ. ಪಕ್ಕದ ಓಣಿಯ ಮಬ್ಬು ಬೆಳಕಿನ ಅಂಗಡಿಯಿಂದ ಯಾವುದೋ ಗೆಜ್ಜೆಯ ಸದ್ದು ಬಂತೆಂದು ನನ್ನ ಕೈ ಕೊಸರಿಕೊಂಡು ಆ ಕಡೆ ಓಡಿದಳು.

ಅದು ಬೆಳ್ಳಿಯ ಅಂಗಡಿ. ಅಂಗಡಿ ಎನ್ನುವುದಕ್ಕಿಂತ ಉಗ್ರಾಣ ಎನ್ನಬೇಕು. ಮೂಲೆಯಲ್ಲಿ ತೆಂಗಿನಕಾಯಿ ರಾಶಿ ಹಾಕಿದ ಹಾಗೆ ಕಡಗ, ಸರಪಳಿ, ಪದಕಗಳ ರಾಶಿ. ಧೂಳು, ಕಪ್ಪು. ನಮ್ಮೂರಿನಲ್ಲಿ ಪಾತ್ರೆಯಂಗಡಿಯವನು ಹಳೆಯ ತಾಮ್ರ, ಹಿತ್ತಾಳೆ ತೂಗಿ ತೆಗೆದುಕೊಳ್ಳುವುದಿಲ್ಲವೇ, ಹಾಗೆ ಇಲ್ಲಿ ಇವನ್ನು ತೂಗಿ ಮಾರುತ್ತಿದ್ದರು. "ಯಾರದ್ದು ಇದೆಲ್ಲ?" ಎಂದು ಕೇಳಿದೆ. "ಬದು ಹೆಂಗಸರದ್ದು" ಎಂದ ಅಂಗಡಿಯವನು.

ಬದು ಎಂದರೆ ಮರುಭೂಮಿಯವರು. ಒಂಟೆ, ಆಡು, ಕುರಿಗಳನ್ನು ಹೊಡೆದುಕೊಂಡು ಮೇವು-ನೀರು ಇದ್ದ ಕಡೆಗೆ ಗುಡಾರ ಹೊತ್ತು ನಡೆದ ಜನ. ನಾವು ಇಂಗ್ಲಿಷಿನವರನ್ನು ಅನುಸರಿಸಿ ಬೆಡೂಯಿನ್ ಎನ್ನುತ್ತೇವೆ. ಒಂದು ಕಡೆ ನಿಲ್ಲದ ಜನರಿಗೆ ಇಷ್ಟು ಭಾರದ ಒಡವೆ ಏಕೆ ಎಂದು ನನಗೆ ಅವತ್ತು ಆಶ್ಚರ್ಯವಾಯಿತು. ಒಂದು ಕಡೆ ನಿಲ್ಲದವರಾದ್ದರಿಂದಲೇ ಅದು ಬೇಕಾದದ್ದು ಎಂದು ತಿಳಿಯಲು ಇನ್ನೂ ಒಂದು ವರ್ಷ ಬೇಕಾಯಿತು. ಗದ್ದೆ ಇಲ್ಲ, ತೋಟ ಇಲ್ಲ, ಗೋಡೆಯೇ ಇಲ್ಲದ ಮೇಲೆ ಗೋಡೆಯ ಕಪಾಟು ಎಲ್ಲಿಂದ ಬರಬೇಕು? ಹೆಂಗಸಿನ ಮೈಯೇ ಅವಳ ಪೆಟ್ಟಿಗೆ.

ನಮ್ಮವರು ರಸ್ತೆ ಕಾಮಗಾರಿಯ ಕಂಪೆನಿಯೊಂದರಲ್ಲಿ ಇದ್ದರು. 1995ರ ಆರಂಭದಲ್ಲಿ ಒಂದು ಗುರುವಾರ, ಅಪರೂಪಕ್ಕೆ ಸಿಕ್ಕಿದ ರಜೆಯಲ್ಲಿ, ಸಿನಾವ್ ಎಂಬ ಊರಿನ ಸಂತೆಗೆ ಕರೆದುಕೊಂಡು ಹೋದರು. ಒಮಾನಿನಲ್ಲಿ ಆಗ ವಾರದ ರಜೆ ಗುರುವಾರ-ಶುಕ್ರವಾರ. 2013ರಲ್ಲಿ ಅದನ್ನು ಶುಕ್ರವಾರ-ಶನಿವಾರಕ್ಕೆ ಬದಲಾಯಿಸಿದರು. ಸಿನಾವ್ ಮಸ್ಕತ್ತಿನಿಂದ ಸುಮಾರು 200 ಕಿಲೋಮೀಟರು. ಅದರ ಆಚೆ ವಹೀಬಾ ಮರಳುಗಾಡು. ಗುರುವಾರ ಬೆಳಗ್ಗೆ ಮರಳುಗಾಡಿನ ಜನ ಎಲ್ಲ ಅಲ್ಲಿ ಸೇರುತ್ತಾರೆ.

ಸಂತೆಯಲ್ಲಿ ನಾನು ಮೊದಲು ನೋಡಿದ್ದು ಒಡವೆಯನ್ನಲ್ಲ, ಮುಖವಾಡವನ್ನು. ಅಲ್ಲಿಯ ಬದು ಹೆಂಗಸರು ಹಣೆಯಿಂದ ಬಾಯಿಯವರೆಗೆ ಒಂದು ಗಟ್ಟಿ ಬಟ್ಟೆಯ ಬುರ್ಖಾ ಕಟ್ಟುತ್ತಾರೆ. ಮೂಗಿನ ಮೇಲೆ ಒಂದು ಕಡ್ಡಿ ಸೇರಿಸಿ ಎತ್ತರಿಸಿದ್ದು. ಕಣ್ಣಿಗೆ ಎರಡು ಕಿಂಡಿ. ಬಟ್ಟೆಗೆ ನೀಲಿ ಅದ್ದಿ ಉಜ್ಜಿ ಉಜ್ಜಿ ಲೋಹದ ಹಾಗೆ ಮಿರುಗುವಂತೆ ಮಾಡಿರುತ್ತಾರೆ. ನನಗೆ ಸ್ವಲ್ಪ ಹೆದರಿಕೆಯೇ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಮುಖವಾಡದ ಹೆಂಗಸರು ಆಡಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಗಂಡಸರ ಜೊತೆ ಗಂಟಲೆತ್ತಿ ಚೌಕಾಸಿ ಮಾಡುತ್ತಿದ್ದರು, ನೋಟು ಎಣಿಸಿ ಒಳಗೆ ಸೇರಿಸುತ್ತಿದ್ದರು. ಮುಖ ತೆರೆದುಕೊಂಡು ನಡೆಯುವ ನಾನು ಮೀನು ಮಾರುಕಟ್ಟೆಯಲ್ಲಿ ಬಂಗುಡೆಗೆ ಎರಡು ರೂಪಾಯಿ ಕಡಿಮೆ ಮಾಡಿಸಲೂ ನಾಚುವವಳು!

ಬಿಸಿಲು ಏರಿತೆಂದು ಒಂದು ಬೆಳ್ಳಿಯ ಅಂಗಡಿಯ ಒಳಗೆ ಹೊಕ್ಕೆವು. ಅಂಗಡಿಯವರು ಅರವತ್ತರ ಸುಮಾರಿನ ಒಮಾನಿ, ಹಿಂದಿ ಚೆನ್ನಾಗಿ ಬರುತ್ತಿತ್ತು. ಅವರ ತಂದೆಯ ಕಾಲದಲ್ಲಿ ಅಲ್ಲಿ ವ್ಯಾಪಾರವೆಲ್ಲ ರೂಪಾಯಿಯಲ್ಲೇ ಅಂತೆ. ನಿಜವೇ. ಗಲ್ಫಿನ ಊರುಗಳಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ಗಲ್ಫ್ ರೂಪಾಯಿ ಅಚ್ಚು ಮಾಡಿತು. ಒಮಾನ್ 1970ರಲ್ಲಿ ತನ್ನದೇ ರಿಯಾಲ್ ತಂದರೂ ಚಿಲ್ಲರೆಗೆ ಇವತ್ತಿಗೂ 'ಬೈಸಾ' ಎಂದೇ ಹೆಸರು. ನಮ್ಮ ಪೈಸೆ ಸಮುದ್ರ ದಾಟಿ ನಾಲಿಗೆ ಹೊರಳಿಸಿಕೊಂಡದ್ದು. ಅಂಗಡಿಯವರು ಖರ್ಜೂರ ಇಟ್ಟರು, ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸಿದರು. ಸಾಕು ಎನ್ನಬೇಕಾದರೆ ಬಟ್ಟಲನ್ನು ಅಲ್ಲಾಡಿಸಬೇಕು ಎಂದು ಗೊತ್ತಿಲ್ಲದೆ ನಾನು ಐದು ಬಟ್ಟಲು ಕುಡಿದೆ. ಆಮೇಲೆ ಒಂದೊಂದೇ ಒಡವೆ ಎತ್ತಿ ತೋರಿಸತೊಡಗಿದರು.

ಮೊದಲು ಒಂದು ಪದಕ. ಆಯತಾಕಾರದ ಬೆಳ್ಳಿಯ ಡಬ್ಬಿ, ಕೆಳಗೆ ಸಾಲಾಗಿ ಸಣ್ಣ ಗೆಜ್ಜೆ. ಹೆಸರು 'ಹಿರ್ಜ್'. ಒಳಗೆ ಕುರಾನಿನ ವಾಕ್ಯ ಬರೆದ ಚೀಟಿ ಮಡಚಿ ಇಡುತ್ತಾರೆ. "ಅಯ್ಯೋ, ಇದು ನಮ್ಮ ತಾಯಿತ!" ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಮತ್ತೆ ನೋಡಿದರೆ ಎಲ್ಲವೂ ಹಾಗೆಯೇ. ಗೆಜ್ಜೆಯ ಸದ್ದಿಗೆ ದೆವ್ವ-ಭೂತ ದೂರ ಹೋಗುತ್ತವಂತೆ. ನೀಲಿ ಮಣಿ ದೃಷ್ಟಿಗೆ. ಕೆಂಪು ಕಲ್ಲು ರಕ್ತಕ್ಕೆ ಸಂಬಂಧಪಟ್ಟದ್ದು, ಹರಿಯುವ ರಕ್ತ ನಿಲ್ಲಿಸುತ್ತದೆ ಎಂಬ ನಂಬಿಕೆ. ಐದು ಬೆರಳಿನ ಅಂಗೈ, ತ್ರಿಕೋನ, ಅರ್ಧಚಂದ್ರ ಎಲ್ಲ ಕೆಟ್ಟದ್ದನ್ನು ತಡೆಯುವ ಗುರುತುಗಳು. ಬಾಣಂತಿಯ ಎದೆಹಾಲು ಬತ್ತದಿರಲು ಬಿಳಿಯ ಹಾಲುಮಣಿ ಕಟ್ಟುವ ಪದ್ಧತಿ ಪ್ಯಾಲೆಸ್ಟೀನಿನ ಕಡೆ ಇತ್ತು ಎಂದು ಮುಂದೆ ಓದಿ ತಿಳಿದೆ. ಆ ಕಡೆಯ ತೌಫಿಕ್ ಕನಾನ್ (1882–1964) ಎಂಬ ವೈದ್ಯರು ತಮ್ಮ ರೋಗಿಗಳಿಂದಲೇ ಇಂಥ 1,400ಕ್ಕೂ ಹೆಚ್ಚು ತಾಯಿತ, ಮಣಿಗಳನ್ನು ಒಟ್ಟುಮಾಡಿದ್ದರು. ಇಂಗ್ಲಿಷ್ ಔಷಧ ಕೊಡುವ ಡಾಕ್ಟರು! ಇಂಥದನ್ನು ನಗೆಯಾಡದೆ ಕೂಡಿಟ್ಟದ್ದು ದೊಡ್ಡ ಗುಣವೆಂದು ನನಗೆ ಕಾಣುತ್ತದೆ. ಅವು ಈಗ ಅಲ್ಲಿಯ ಬಿರ್‌ಜೈತ್ ವಿಶ್ವವಿದ್ಯಾಲಯದಲ್ಲಿವೆ.

ಕೆಂಪು ಕಲ್ಲನ್ನು ಬೆಳಕಿಗೆ ಹಿಡಿದು ಅಂಗಡಿಯವರು, "ಇದು ನಿಮ್ಮ ದೇಶದ್ದು" ಎಂದರು. ಗುಜರಾತಿನ ಖಂಭಾತಿನಲ್ಲಿ ಸುಟ್ಟು ಕೆಂಪು ಮಾಡಿ, ಕೊರೆದು, ಹೊಳಪು ಕೊಟ್ಟ ಕಲ್ಲು ಶತಮಾನಗಳಿಂದ ಅರಬ್ಬೀ ಸಮುದ್ರ ದಾಟಿ ಹೋಗುತ್ತಿತ್ತು. ಹವಳ ಮೆಡಿಟರೇನಿಯನ್ ಸಮುದ್ರದ್ದು. ಒಡವೆ ಮಾಡುವವರು ಕೂಡ ಬದುಗಳಲ್ಲ. ಊರುಗಳಲ್ಲಿ ನೆಲೆನಿಂತ ಅಕ್ಕಸಾಲಿಗರು. ಒಮಾನಿನಲ್ಲಿ ನಿಜ್ವಾ ಇದಕ್ಕೆ ಹೆಸರಾದ ಊರು. ಪಕ್ಕದ ಯೆಮನ್ ದೇಶದಲ್ಲಿ ಯಹೂದಿ ಅಕ್ಕಸಾಲಿಗರದೇ ಎತ್ತಿದ ಕೈ. 1949-50ರಲ್ಲಿ ಅಲ್ಲಿಯ ಯಹೂದಿಗಳು ಹೆಚ್ಚುಕಡಿಮೆ ಎಲ್ಲರೂ ವಿಮಾನ ಹತ್ತಿ ಇಸ್ರೇಲಿಗೆ ಹೋದಾಗ ಅವರ ಕೈಕೆಲಸವೂ ಅವರ ಜೊತೆ ಹೋಯಿತು. ಮಾಡುವವನು ಒಬ್ಬ, ಕಲ್ಲು ಒಂದು ದೇಶದ್ದು, ಹವಳ ಇನ್ನೊಂದು ಸಮುದ್ರದ್ದು. ಆದರೂ ಅದು ಬದು ಹೆಂಗಸಿನ ಒಡವೆಯೇ, ಏಕೆಂದರೆ ಏನು ಬೇಕು ಎಂದು ಹೇಳಿ ಮಾಡಿಸಿಕೊಳ್ಳುವವಳು ಅವಳು.

ಆಮೇಲೆ ಅವರು ತೆಗೆದದ್ದು ನಾಣ್ಯಗಳ ಸರ. ನನಗೆ ಎದೆ ಧಸಕ್ಕೆಂದಿತು. ನನ್ನ ಅಮ್ಮನ ಕಾಸಿನ ಸರವೇ ಬೆಳ್ಳಿಯಾಗಿ ಎದುರು ಬಂದ ಹಾಗೆ. ನಮ್ಮ ಕಾಸಿನಲ್ಲಿ ವಿಕ್ಟೋರಿಯಾ ರಾಣಿ. ಇದರಲ್ಲಿ ಬೇರೆ ಒಬ್ಬ ರಾಣಿ, ತುಂಬಿದ ಎದೆ, ದುಂಡು ಗಲ್ಲ, ತಲೆಗೆ ಮುತ್ತಿನ ಪಟ್ಟಿ. ಆಸ್ಟ್ರಿಯಾದ ಮರಿಯಾ ತೆರೇಸಾ, ಹದಿನಾರು ಮಕ್ಕಳನ್ನು ಹೆತ್ತ ತಾಯಿ. ನಾಣ್ಯದ ಮೇಲೆ 1780 ಎಂದಿತ್ತು. "ಇನ್ನೂರು ವರ್ಷ ಹಳೆಯದು!" ಎಂದು ಇವರಿಗೆ ತೋರಿಸಿದೆ. ಅಂಗಡಿಯವರು ನಕ್ಕರು. ಹೊಸಬರೆಲ್ಲ ಹಾಗೇ ಹೇಳುವುದಂತೆ.

ಆ ನಾಣ್ಯದ ಕತೆಯೇ ಒಂದು ಪುರಾಣ. ಕಾಫಿ ವ್ಯಾಪಾರದ ಜೊತೆ ಅದು ಅರಬ್ಬೀ ನಾಡಿಗೆ ಬಂತು. ಒಂದೊಂದೂ 28 ಗ್ರಾಂ, ಅದರಲ್ಲಿ ಅಚ್ಚ ಬೆಳ್ಳಿ 23 ಗ್ರಾಂಗಿಂತ ಸ್ವಲ್ಪ ಹೆಚ್ಚು. ಜನಕ್ಕೆ ಅದರ ಮೇಲೆ ಎಂಥ ನಂಬಿಕೆ ಕೂತಿತೆಂದರೆ, ರಾಣಿಯ ಮೈಮೇಲಿನ ಮುತ್ತುಗಳನ್ನು ಉಗುರಿನಿಂದ ಎಣಿಸಿ ಸರಿಯಿದ್ದರೆ ಮಾತ್ರ ತೆಗೆದುಕೊಳ್ಳುತ್ತಿದ್ದರಂತೆ. ಬೇರೆ ನಾಣ್ಯ ಬೇಡವೇ ಬೇಡ. ರಾಣಿ 1780ರಲ್ಲೇ ತೀರಿಕೊಂಡಳು. ಆದರೂ ಅದೇ ಮುಖ, ಅದೇ ಇಸವಿ ಹಾಕಿ ವಿಯೆನ್ನಾದಲ್ಲಿ, ಮುಂದೆ ರೋಮ್, ಲಂಡನ್, ಪ್ಯಾರಿಸ್‌ನಲ್ಲೂ ಅಚ್ಚು ಮಾಡುತ್ತಲೇ ಹೋದರು. 1940-41ರಲ್ಲಿ ನಮ್ಮ ಮುಂಬಯಿ ಟಂಕಸಾಲೆಯಲ್ಲೂ ಅಚ್ಚಾಯಿತು. ಸಿನಾವಿನ ಸರದ ಆ ರಾಣಿಯರಲ್ಲಿ ಒಬ್ಬಿಬ್ಬರು ಮುಂಬಯಿಯಲ್ಲಿ ಹುಟ್ಟಿದವರೂ ಇದ್ದಿರಬಹುದು! ಅಕ್ಕಸಾಲಿಗ ಈ ನಾಣ್ಯವನ್ನೇ ಕರಗಿಸಿ ಕಡಗ ಮಾಡುತ್ತಿದ್ದ. ಹುಡುಗಿಗೆ ಮದುವೆಯಲ್ಲಿ ಕೊಟ್ಟ ನಾಣ್ಯ ಅವಳ ಕಾಲಿಗೆ, ಕೈಗೆ, ಕೊರಳಿಗೆ ಬರುತ್ತಿತ್ತು. ಕೆಲವನ್ನು ಕರಗಿಸದೆ ಹಾಗೇ ಕಿವಿ ಬೆಸೆದು ಸರಕ್ಕೆ ಪೋಣಿಸುತ್ತಿದ್ದ. ಸಿನಾಯ್, ನೆಗೆವ್ ಮರುಭೂಮಿಗಳ ಕಡೆ ಮುಖದ ಪರದೆಗೇ ನಾಣ್ಯಗಳನ್ನು ಸಾಲಾಗಿ ಹೊಲಿದುಕೊಳ್ಳುತ್ತಿದ್ದರು. ನೋಡಿದವರು ಎಣಿಸಿಕೊಳ್ಳಲಿ ಎಂದೇ ಇರಬೇಕು.

ಇಷ್ಟು ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ಒಬ್ಬ ಅಜ್ಜಿ, ಮುಖಕ್ಕೆ ಬುರ್ಖಾ, ಕೈಯಲ್ಲಿ ಬಟ್ಟೆಯ ಗಂಟು. ಹಿಂದೆ ನಲವತ್ತು ದಾಟಿದ ಮಗ. ಮಗ ಒಳಗೆ ಬರಲಿಲ್ಲ, ಹೊರಗೆ ಪಿಕಪ್ಪಿಗೆ ಒರಗಿ ನಿಂತ. ಅಜ್ಜಿ ನೆಲದ ಮೇಲೆ ಕೂತು ಗಂಟು ಬಿಚ್ಚಿದಳು. ಎರಡು ಕಾಲುಕಡಗ, ಒಳಗೆ ಟೊಳ್ಳು, ಅಲ್ಲಾಡಿಸಿದರೆ ಹೊಟ್ಟೆಯೊಳಗಿನ ಹರಳು ಕಲಕಲ ಎನ್ನುವಂಥವು. ಜೊತೆಗೆ ಕೆಲವು ಉಂಗುರ. ಒಮಾನಿನ ಹೆಂಗಸರು ಹತ್ತು ಬೆರಳಿಗೂ ಹಾಕುತ್ತಿದ್ದರು, ಒಂದೊಂದು ಬೆರಳಿಗೆ ಒಂದೊಂದು ಆಕಾರದ ಉಂಗುರ. ತೋರುಬೆರಳಿನದಕ್ಕೆ 'ಶಾಹಿದ್' ಎಂದು ಹೆಸರು. ಶಾಹಿದ್ ಎಂದರೆ ಸಾಕ್ಷಿ. ಪ್ರಾರ್ಥನೆಯಲ್ಲಿ ದೇವರೊಬ್ಬನೇ ಎಂದು ಸಾಕ್ಷಿ ನುಡಿಯುವಾಗ ಎತ್ತುವ ಬೆರಳು ಅದು.

ಅಂಗಡಿಯವರು ಕಡಗಗಳನ್ನು ತಕ್ಕಡಿಗೆ ಹಾಕಿದರು. ಬೆಲೆ ಹೇಳಿದರು. ಅಜ್ಜಿ ತಲೆ ಅಲ್ಲಾಡಿಸಿದಳು. ಇನ್ನೊಂದು ಬೆಲೆ. ಅಜ್ಜಿ ಕಡಗಗಳನ್ನು ಎತ್ತಿ ಗಂಟಿಗೆ ಹಾಕಿಕೊಂಡಳು. ಮೂರನೆಯ ಬೆಲೆ. ಅಜ್ಜಿ ಗಂಟಿನಿಂದ ಕೈ ತೆಗೆದಳು. ಇಷ್ಟೂ ಹೊತ್ತು ಯಾರೂ ಹೊರಗೆ ನಿಂತ ಮಗನ ಕಡೆ ತಿರುಗಿ ನೋಡಲಿಲ್ಲ. ಅವನೂ ಒಳಗೆ ನೋಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ಏಕೆ ಮಾರುತ್ತಿದ್ದಾಳೆ ಎಂದು ಅಂಗಡಿಯವರ ಮೂಲಕ ಕೇಳಿಸಿದೆ. ಮೊಮ್ಮಗಳ ಮದುವೆಯಂತೆ. ಈಗಿನ ಹುಡುಗಿಯರಿಗೆ ಬೆಳ್ಳಿ ಬೇಡ, ಚಿನ್ನ ಬೇಕು. ಮೊಮ್ಮಗಳಿಗೆ ತನ್ನ ಕಡೆಯಿಂದ ಒಂದು ಚಿನ್ನದ ಬಳೆ ಕೊಡಬೇಕು. "ಮನೆಯಲ್ಲಿ ಅಜ್ಜನನ್ನು ಕೇಳಿದ್ದಾಳಾ? ಮಗ ಒಪ್ಪಿದ್ದಾನಾ?" ಎಂದೆ. ನಾನು ಕೇಳಿದ್ದು ಕೆಟ್ಟ ಬುದ್ಧಿಯಿಂದಲ್ಲ. ನಮ್ಮ ಕಡೆ ಯಾರಾದರೂ ಬಳೆ ಮಾರಲು ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಅದೇ ಅಲ್ಲವೇ?

ಅಂಗಡಿಯವರು ಅದನ್ನು ಅರಬ್ಬಿಯಲ್ಲಿ ಹೇಳುವಾಗಲೇ ಸ್ವಲ್ಪ ನಗುತ್ತಿದ್ದರು. ಅಜ್ಜಿ ನನ್ನ ಕಡೆ ತಿರುಗಿದಳು. ಬುರ್ಖಾದ ಕಿಂಡಿಯಲ್ಲಿ ಕಣ್ಣು ಸಣ್ಣಗಾಯಿತು. ಆಮೇಲೆ ಭುಜ ಕುಣಿಯುವಂತೆ ನಕ್ಕಳು. ಅವಳ ಉತ್ತರವನ್ನು ಅಂಗಡಿಯವರು ಹೀಗೆ ಹೇಳಿದರು: "ಕಾಲು ನನ್ನದು, ಕಡಗ ನನ್ನದು. ಯಾರನ್ನು ಕೇಳಬೇಕು?"

ನಾನು ಸುಮ್ಮನಾದೆ. ಪಕ್ಕದಲ್ಲಿ ಕೂತಿದ್ದ ನಮ್ಮವರೂ ಸುಮ್ಮನಾದರು.

ಈಗ ನಮ್ಮ ಮನೆಯ ಒಳಗಿನ ಕತೆ. ನನ್ನ ಮದುವೆ 1988ರಲ್ಲಿ. ಅಪ್ಪ ಮಾಸ್ತರರು. ಹೇಗೋ ಹೊಂದಿಸಿ ಆರು ಬಳೆ ಮಾಡಿಸಿದ್ದರು, ಎಂಟು ಪವನು. ಮದುವೆಯಾಗಿ ಎರಡನೆಯ ವರ್ಷ ನಾದಿನಿಯ ಮದುವೆ ಗೊತ್ತಾಯಿತು. ಒಂದು ಸಂಜೆ ಶಾಲೆಯಿಂದ ಬಂದು ಕಪಾಟು ತೆರೆದರೆ ಬಳೆಯ ಡಬ್ಬಿ ಇಲ್ಲ. ಕೇಳಿದ್ದಕ್ಕೆ ಅತ್ತೆ ಅಕ್ಕಿ ಆರಿಸುತ್ತ, "ಸೊಸೈಟಿಯಲ್ಲಿ ಇಟ್ಟಿದೆ. ಬಿಡಿಸಿಕೊಡ್ತಾರೆ" ಎಂದರು. ನಮ್ಮವರು ರಾತ್ರಿ ಬಂದು ತಲೆ ತಗ್ಗಿಸಿ ಊಟ ಮಾಡಿದರು. ಬಳೆ ಬಿಡಿಸಲು ಆಗಲಿಲ್ಲ. ಬಡ್ಡಿ ಏರಿ ಏರಿ ಹರಾಜಿಗೆ ಹೋಯಿತು.

ನನ್ನನ್ನು ಕೇಳಿದ್ದರೆ ಕೊಡುವುದಿಲ್ಲ ಎನ್ನುತ್ತಿದ್ದೆನೇ? ಇಲ್ಲ. ನಾದಿನಿ ನನಗೂ ತಂಗಿಯ ಹಾಗೆಯೇ ಇದ್ದವಳು. ನಾನೇ ಕೈಯಿಂದ ತೆಗೆದು ಅವಳ ಕೈಗೆ ಹಾಕುತ್ತಿದ್ದೆ, ಆ ದೊಡ್ಡಸ್ತಿಕೆ ನನ್ನದಾಗುತ್ತಿತ್ತು. ಕೇಳಲಿಲ್ಲ, ಅಷ್ಟೇ. ಮನೆಯ ಬಾವಿಯಿಂದ ನೀರು ಸೇದುವಾಗ ಬಾವಿಯನ್ನು ಯಾರು ಕೇಳುತ್ತಾರೆ? ಅಪ್ಪನಿಗೆ ನಾನು ಹೇಳಲೇ ಇಲ್ಲ. ತವರಿಗೆ ಹೋಗುವಾಗೆಲ್ಲ ಗಾಜಿನ ಬಳೆ ಹಾಕಿ, "ಚಿನ್ನದ್ದು ಬಸ್ಸಿನಲ್ಲಿ ಹೆದರಿಕೆ" ಎಂದೆ. ಅಪ್ಪ ಹೌದೆಂದರು. ಅವರಿಗೆ ಗೊತ್ತಾಗಿತ್ತೋ ಏನೋ.

ಬಹಳ ವರ್ಷಗಳ ಮೇಲೆ ಓದಿದೆ. ನನ್ನ ಮದುವೆಗೆ ಮೂರು ವರ್ಷ ಮೊದಲೇ, 1985ರಲ್ಲಿ, ಪ್ರತಿಭಾ ರಾಣಿ ಎಂಬವರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಸ್ತ್ರೀಧನ ಹೆಂಡತಿಯದೇ, ಅದು ಗಂಡನ ಮನೆಯವರ ಕೈಯಲ್ಲಿದ್ದರೆ ನಂಬಿ ಇಡಲು ಕೊಟ್ಟ ಸೊತ್ತು ಮಾತ್ರ ಎಂದು ಹೇಳಿತ್ತು. ಕಾನೂನು ದಿಲ್ಲಿಯಲ್ಲಿತ್ತು, ಬಳೆ ಕಪಾಟಿನಲ್ಲಿತ್ತು. ನಡುವಿನ ದಾರಿ ಯಾರಿಗೂ ಗೊತ್ತಿರಲಿಲ್ಲ.

ಬದು ಹೆಂಗಸಿನ ಹಕ್ಕೂ ಆಕಾಶದಿಂದ ಉದುರಿದ್ದಲ್ಲ. ಮದುವೆಯಲ್ಲಿ ಗಂಡಿನ ಕಡೆಯಿಂದ ಹೆಣ್ಣಿಗೆ ಸಲ್ಲಬೇಕಾದ ಮಹರ್ ಅವಳದೇ ಎಂದು ಕುರಾನಿನಲ್ಲೇ ಇದೆ. ಆ ಹಣದ ಒಂದು ಪಾಲು ಒಡವೆಯಾಗುತ್ತದೆ. ಮಳೆ ಬಾರದೆ ಆಡುಗಳು ಸತ್ತ ವರ್ಷ ಅವಳು ಒಂದು ಕಡಗ ಬಿಚ್ಚಿಕೊಟ್ಟು ಸಂಸಾರ ದಾಟಿಸುತ್ತಾಳೆ. ಒಳ್ಳೆಯ ವರ್ಷ ಬಂದರೆ ಮತ್ತೆ ಮಾಡಿಸಿಕೊಳ್ಳುತ್ತಾಳೆ. ತಲಾಖ್ ಆದರೆ ಮೈಮೇಲಿನದು ಅವಳ ಜೊತೆಗೇ ಹೊರಡುತ್ತದೆ. ಎಲ್ಲ ಕಡೆ, ಎಲ್ಲ ಕಾಲದಲ್ಲಿ ಹೀಗೇ ನಡೆಯಿತೆಂದು ನಾನು ಹೇಳುವುದಿಲ್ಲ. ಮಹರಿನಲ್ಲಿ ಅಪ್ಪನೇ ಪಾಲು ಇಟ್ಟುಕೊಂಡ ಉದಾಹರಣೆಗಳು ಅಲ್ಲಿಯೂ ಬೇಕಾದಷ್ಟಿವೆ. ಹೆಣ್ಣಿನ ಕಷ್ಟ ಅಲ್ಲಿ ಇಲ್ಲವೆಂದಲ್ಲ, ಬೇರೆ ಥರದ್ದು ಬಹಳ ಇದೆ. ಆದರೆ ಒಡವೆಯ ಮಟ್ಟಿಗೆ 'ಇದು ಯಾರದು' ಎಂಬ ಪ್ರಶ್ನೆಗೆ ಆ ಅಜ್ಜಿಯ ಹತ್ತಿರ ಉತ್ತರ ಇತ್ತು. ಬಿಎಸ್ಸಿ ಓದಿದ ನನ್ನ ಹತ್ತಿರ ಇರಲಿಲ್ಲ.

ಅಜ್ಜಿ ದುಡ್ಡು ಎಣಿಸಿ ಏಳುವಾಗ ನನ್ನ ಮಗಳ ಕೈ ಹಿಡಿದಳು. ಮಗಳ ಕೈಯಲ್ಲಿ ದೃಷ್ಟಿಗೆಂದು ಅಮ್ಮ ಕಟ್ಟಿದ ಕರಿಮಣಿಯ ಬಳೆ. ಅದನ್ನು ಮುಟ್ಟಿ ನೋಡಿ, ಸರಿ ಎನ್ನುವ ಹಾಗೆ ತಲೆ ಆಡಿಸಿದಳು. ಅವಳಿಗೆ ಅರ್ಥ ಹೇಳಬೇಕಾಗಲಿಲ್ಲ. ಅವಳ ಉಂಗುರಗಳಲ್ಲಿ ಒಂದು ಶಾಹಿದ್ ತಕ್ಕಡಿಯ ಪಕ್ಕದಲ್ಲೇ ಇತ್ತು. ನಾನು ಕೈಚೀಲದಿಂದ ನಾಲ್ಕು ರಿಯಾಲ್ ತೆಗೆದೆ. ಆಗ ಒಂದು ರಿಯಾಲಿಗೆ ನಮ್ಮ ಎಂಬತ್ತು ರೂಪಾಯಿಗಿಂತ ಮೇಲೆ. ಅದು ನನ್ನ ದುಡ್ಡು, ಅಕ್ಕಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದದ್ದು. ಅಭ್ಯಾಸಬಲದಿಂದ ಇವರ ಮುಖ ನೋಡಿದೆ. ಇವರು, "ನನ್ನನ್ನೇಕೆ ನೋಡ್ತೀಯ?" ಎಂದರು. ಉಂಗುರ ಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ಅರ್ಧ ದಾರಿ ಯಾರೂ ಮಾತಾಡಲಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಕತ್ತಲಾಗುತ್ತ ಬಂದಾಗ ಇವರು ರಸ್ತೆಯನ್ನೇ ನೋಡುತ್ತ, "ನಿನ್ನ ಆ ಬಳೆ ಎಷ್ಟಿತ್ತು?" ಎಂದರು.

"ಆರು ಬಳೆ, ಎಂಟು ಪವನು. ಎರಡರಲ್ಲಿ ಮಾವಿನಕಾಯಿ ಕೆತ್ತನೆ, ನಾಲ್ಕು ಸಾದಾ. ಒಂದಕ್ಕೆ ಬಾವಿಕಟ್ಟೆ ತಾಗಿ ಸಣ್ಣ ನೆಗ್ಗು."

ಇಷ್ಟು ಬೇಗ ಉತ್ತರ ಬರುತ್ತದೆಂದು ಅವರು ಎಣಿಸಿರಲಿಲ್ಲ. "ಐದು ವರ್ಷ ಆಯ್ತು. ಒಂದು ದಿನವೂ ಹೇಳಲಿಲ್ಲ ನೀನು" ಎಂದರು. "ನೀವೂ ಕೇಳಲಿಲ್ಲ" ಎಂದೆ. ಜಗಳವಲ್ಲ ಅದು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಕೇಳಬೇಕಿತ್ತು" ಎಂದರು. ಅಷ್ಟೇ ಮಾತು. ಮುಂದೆ ಎರಡು ವರ್ಷದಲ್ಲಿ ಒಂದೊಂದಾಗಿ ಮತ್ರಾದಿಂದ ಆರು ಬಳೆ ಬಂದವು. ಚೆನ್ನಾಗಿವೆ. ಆದರೆ ನಿಜ ಹೇಳಬೇಕೆಂದರೆ ನನ್ನ ಬಳೆ ನನಗೆ ವಾಪಸು ಬಂದದ್ದು ಆ ಕಾರಿನಲ್ಲೇ.

ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಬಹಳ ದಿನ ಕೊರೆಯಿತು. ಅಜ್ಜಿ ಹೋದ ಮೇಲೆ ಕಡಗಗಳನ್ನು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅಂಗಡಿಯವರು, "ಯಾರಾದರೂ ವಿದೇಶದವರು ಕೊಂಡರೆ ಸರಿ, ಇಲ್ಲದಿದ್ದರೆ ಕರಗಿಸುವುದು" ಎಂದಿದ್ದರು. ನಾನು ಅಯ್ಯೋ ಎಂದೆ. ಅವರಿಗೆ ಅದರಲ್ಲಿ ಅಯ್ಯೋ ಎನ್ನುವಂಥದ್ದೇನೂ ಕಾಣಲಿಲ್ಲ. ಆ ಕಡೆ ಪದ್ಧತಿಯೇ ಹಾಗಿತ್ತು. ಹೆಂಗಸು ತೀರಿಕೊಂಡರೆ ಅವಳ ಬೆಳ್ಳಿಯನ್ನು ಮಾರಿ ಕರಗಿಸುವುದೇ ಹೆಚ್ಚು. ಮದುಮಗಳಿಗೆ ಹೊಸತೇ ಬೇಕು, ಇನ್ನೊಬ್ಬಳು ಉಟ್ಟು-ತೊಟ್ಟು ಬಾಳಿದ್ದು ಬೇಡ. ಹಾಗಾಗಿ ಬೆಡೂಯಿನ್ ಒಡವೆಯಲ್ಲಿ ಬಹಳ ಹಳೆಯದು ಎಂಬುದೇ ಅಪರೂಪ. ವಿನ್ಯಾಸ ಶತಮಾನಗಳದ್ದು, ಒಡವೆ ಒಬ್ಬಳ ಆಯುಷ್ಯದ್ದು. ಅದೇ ಬೆಳ್ಳಿ ನಾಣ್ಯವಾಗಿ ಬಂದು, ಕಡಗವಾಗಿ ನಡೆದು, ಕರಗಿ, ಇನ್ನೊಬ್ಬಳ ಕಾಲಿಗೆ ಹೊಸ ಕಡಗವಾಗುತ್ತಿತ್ತು. 1970ರ ದಶಕದಲ್ಲಿ ಎಣ್ಣೆಯ ದುಡ್ಡು ಬಂದು ಎಲ್ಲರೂ ಚಿನ್ನದ ಕಡೆ ತಿರುಗಿದಾಗ ಈ ಸುತ್ತು ನಿಂತುಹೋಯಿತು. ಕರಗಿದ್ದು ಮತ್ತೆ ಕಡಗವಾಗಲಿಲ್ಲ. ಆಗ ಸೌದಿಯಲ್ಲಿದ್ದ ಹೆದರ್ ಕೋಲ್ಯರ್ ರಾಸ್ ಎಂಬಾಕೆಯಂಥ ಕೆಲವು ಹೊರಗಿನ ಹೆಂಗಸರು ಸಂತೆಗಳಲ್ಲಿ ಆರಿಸಿ ಕೊಂಡು ಕಾಪಾಡಿದರು. ಆಕೆ 1978ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದಳು. ಮಸ್ಕತ್ತಿನಲ್ಲಿ 1998ರಲ್ಲಿ ಬೈತ್ ಅಲ್ ಜುಬೇರ್ ಎಂಬ ಸಂಗ್ರಹಾಲಯ ತೆರೆದಾಗ ನಾವು ಹೋಗಿದ್ದೆವು. ಗಾಜಿನೊಳಗೆ ಉಜ್ಜಿ ಬೆಳ್ಳಗೆ ಮಾಡಿದ ಒಡವೆ. ಚೆನ್ನಾಗಿತ್ತು. ಆದರೆ ಸದ್ದು ಇರಲಿಲ್ಲ.

2004ರಲ್ಲಿ ನಾವು ಊರಿಗೆ ವಾಪಸಾದೆವು. 2019ರಲ್ಲಿ ಮಗಳ ಮದುವೆ. ಅಮ್ಮನ ಕಾಸಿನ ಸರ ಅಷ್ಟರಲ್ಲಿ ನನ್ನ ಕೈಗೆ ಬಂದಿತ್ತು. ಅದನ್ನು ಮಗಳಿಗೆ ಹಾಕುವುದೆಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿ ಇಪ್ಪತ್ತು ವರ್ಷವಾಗಿತ್ತು. ಪೆಟ್ಟಿಗೆ ತೆರೆದು ಎದುರಿಗಿಟ್ಟೆ. ಅವಳು ಕೊರಳಿಗೆ ಹಿಡಿದು ಕನ್ನಡಿ ನೋಡಿ, ತುಸು ಹೊತ್ತು ಬಿಟ್ಟು, "ಅಮ್ಮಾ, ನೀನು ಬೇಜಾರು ಮಾಡಿಕೊಳ್ಳದಿದ್ದರೆ... ಇದನ್ನು ಕರಗಿಸಿ ನಾನು ದಿನಾ ಹಾಕುವಂಥದ್ದು ಮಾಡಿಸಿಕೊಳ್ಳಲಾ? ಲಾಕರಿನಲ್ಲಿ ಇಟ್ಟು ಏನು ಮಾಡಲಿ?" ಎಂದಳು.

ನನ್ನ ಬಾಯಿಗೆ ಬಂದದ್ದು, "ಅಜ್ಜಿಯದ್ದು, ಕರಗಿಸುವುದೆಂದರೇನು!" ಎಂಬ ಮಾತೇ. ಅಮ್ಮನ ಕುತ್ತಿಗೆಯ ಬೆವರು, ಅವಳ ಅರಸಿನ, ಅವಳು ಸೋಬಾನೆ ಹೇಳುವಾಗ ಆ ಕಾಸುಗಳು ಮೆಲ್ಲಗೆ ಎದ್ದು ಬೀಳುತ್ತಿದ್ದದ್ದು ಎಲ್ಲ ಕಣ್ಣೆದುರು ಬಂತು. ಕೈಬೆರಳು ಸರದ ಮೇಲೇ ಇತ್ತು, ತೋರುಬೆರಳಿನಲ್ಲಿ ಆ ಕಪ್ಪು ಉಂಗುರ. ಮಗಳು ಕೇಳಿದ್ದಳಲ್ಲ. ಡಬ್ಬಿ ಮಾಯ ಮಾಡಿರಲಿಲ್ಲ, ನನ್ನನ್ನು ಕೇಳಿದ್ದಳು.

"ನಿನ್ನ ಕೊರಳು, ನಿನ್ನ ಸರ" ಎಂದೆ. "ಇನ್ನು ನನ್ನನ್ನೂ ಕೇಳಬೇಕೆಂದಿಲ್ಲ."

ಆಚಾರ್ರ ಅಂಗಡಿಗೆ ನಾವಿಬ್ಬರೇ ಹೋದೆವು. ಅವರು ಸರ ತೂಗಿದರು, ಕಾಸುಗಳನ್ನು ಒಂದೊಂದೇ ಬಿಡಿಸಿದರ, ಮೂಸೆಗೆ ಹಾಕಿದರು. ಊದುಬೆಂಕಿಯ ಎದುರು ನಾನು ಕೊನೆಯವರೆಗೂ ಕೂತಿದ್ದೆ. ವಿಕ್ಟೋರಿಯಾ ರಾಣಿಯ ಮೂಗು ಕರಗಿತು, ಗಲ್ಲ ಕರಗಿತು, ಆಮೇಲೆ ಒಂದು ಹಳದಿ ಹನಿ ಮಾತ್ರ ನಡುಗುತ್ತ ನಿಂತಿತು. ಅಳು ಬರಬಹುದೆಂದು ಸೆರಗು ಹಿಡಿದುಕೊಂಡಿದ್ದೆ. ಬರಲಿಲ್ಲ. ಮಗಳು ಪಕ್ಕದಲ್ಲಿ ಕೂತು ಯಾವ ಮಾದರಿ ಬೇಕು ಎಂದು ಆಚಾರ್ರಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು. "ಇಷ್ಟು ಉದ್ದ ಬೇಡ, ಇಲ್ಲಿ ಕೊಕ್ಕೆ ಗಟ್ಟಿ ಇರಬೇಕು" ಎಂದು ಅವಳು ಹೇಳುವ ಧಾಟಿ ಕೇಳಿ ನನಗೆ ಸಿನಾವಿನ ಅಂಗಡಿಯ ನೆಲದ ಮೇಲೆ ಕೂತ ಆ ಅಜ್ಜಿಯ ನೆನಪಾಯಿತು. ಅವಳ ಮುಖ ನಾನು ನೋಡಿಲ್ಲ. ಅವಳ ಕಾಲುಕಡಗ ಯಾವುದಾಗಿ ಎಲ್ಲಿದೆಯೋ ಗೊತ್ತಿಲ್ಲ. ಉಂಗುರ ಮಾತ್ರ ನನ್ನ ಬೆರಳಿನಲ್ಲಿದೆ, ಸಾಕ್ಷಿಗೆ.

ಹೊರಡುವಾಗ ಆಚಾರ್ರು ಅದನ್ನು ನೋಡಿ, "ಕೊಡಿ ಅಮ್ಮ, ಎರಡು ನಿಮಿಷ ಪಾಲಿಶ್ ಮಾಡಿ ಬೆಳ್ಳಗೆ ಮಾಡಿಕೊಡ್ತೇನೆ" ಎಂದರು. ಬೇಡ ಎಂದೆ.